ಬಣ್ಣದ ಡಬ್ಬಿಯ ಖರ್ಚು ಯಾವ ಲೆಕ್ಕಕ್ಕೆ?

ಶಾಲೆಗಳಿಗೆ ಬೇಸಿಗೆ ರಜೆ ಬಿತ್ತೆಂದರೆ ಈ ನಾಡಿನಲ್ಲಿ ಎರಡು ಬಗೆಯ ಬೇಸಿಗೆ ಶುರುವಾಗುತ್ತದೆ. ಒಂದು ಪೇಟೆಯ ಬೇಸಿಗೆ. ವಿಜಯಪುರದ ಗೋಡೆಗಳ ಮೇಲೆ, ಲೈಟಿನ ಕಂಬಗಳ ಮೇಲೆ ‘ಸಮ್ಮರ್ ಕ್ಯಾಂಪ್’ ಎಂಬ ಫಲಕಗಳು ತೂಗುತ್ತವೆ. ಚಿತ್ರಕಲೆ, ನೃತ್ಯ, ಕರಾಟೆ, ಕೀಬೋರ್ಡು, ಮಣ್ಣಿನ ಗೊಂಬೆ. ಕೆಳಗೆ ಶುಲ್ಕ, ಅದರ ಕೆಳಗೆ ಫೋನ್ ನಂಬರು. ಪಾಲಕರು ಒಂದಿಷ್ಟು ಚೌಕಾಸಿ ಮಾಡಿ, ಕೊನೆಗೆ ಹಣ ತುಂಬಿ, ಸ್ಕೂಟರ್ ಮೇಲೆ ಮಕ್ಕಳನ್ನು ಬಿಟ್ಟು ಬರುತ್ತಾರೆ. ಇನ್ನೊಂದು ಹಳ್ಳಿಯ ಬೇಸಿಗೆ. ಅಲ್ಲಿ ಫಲಕವಿಲ್ಲ, ಶುಲ್ಕವಿಲ್ಲ, ಕ್ಯಾಂಪೂ ಇಲ್ಲ. ಬೇವಿನ ಗಿಡದ ನೆರಳು, ಚೆಂಡು-ಬ್ಯಾಟು, ಅಪ್ಪನ ಮೊಬೈಲು, ತಂಗಿಯನ್ನು ಟೊಂಕದ ಮೇಲೆ ಹೊತ್ತು ತಿರುಗುವ ಕೆಲಸ, ಇಲ್ಲವೇ ಅವ್ವನ ಸಂಗಡ ದ್ರಾಕ್ಷಿ ಪಡ.

ತಿಕೋಟಾ ತಾಲ್ಲೂಕಿನ ಕನಮಡಿ ಈ ಎರಡನೆಯ ಬೇಸಿಗೆಯ ಊರು. ವಿಜಯಪುರದಿಂದ ತೊರವಿ, ತಿಕೋಟಾ ದಾಟಿ ಹೋದರೆ ಮಹಾರಾಷ್ಟ್ರದ ಗಡಿಯ ಮಗ್ಗುಲಲ್ಲಿ ಸಿಗುತ್ತದೆ. ಆಚೆಗೆ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕು. ಮಳೆ ಕಡಿಮೆ, ಬಿಸಿಲು ಹೆಚ್ಚು; ಜೋಳ, ತೊಗರಿ, ನೀರಿದ್ದಲ್ಲಿ ದ್ರಾಕ್ಷಿ. ಇಂಥ ಊರಿನ ನಲವತ್ತು ಮಕ್ಕಳಿಗೆ ವರ್ಷಕ್ಕೆ ಹತ್ತು ದಿನ ಚಿತ್ರ ಬರೆಯಲು, ಹಾಡಲು, ಮಣ್ಣು ಕಲಸಲು ಒಂದು ಶಿಬಿರ ಬೇಕೆಂದರೆ ಅದರ ಖರ್ಚು ಯಾರು ಕೊಡಬೇಕು? ಪಾಲಕರೆ? ಊರೆ? ಸರಕಾರವೆ? ಪ್ರಶ್ನೆ ಸಣ್ಣದು. ಆದರೆ ಅದಕ್ಕೆ ಉತ್ತರ ಸಿಗದೆ ಎಷ್ಟೋ ಊರುಗಳಲ್ಲಿ ಎಷ್ಟೋ ಬೇಸಿಗೆಗಳು ಬರಿದೇ ಕಳೆದುಹೋಗಿವೆ.

ಊರೇ ಸಾಲಿಯಾಗಿದ್ದಾಗ

ಹಳ್ಳಿಯ ಮಕ್ಕಳಿಗೆ ಕಲೆ ಹೊಸದೆಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು ತಿಳುವಳಿಕೆ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿಯುವಾಗ ಯಾವ ಬಣ್ಣದ ಮಗ್ಗುಲಿಗೆ ಯಾವ ಬಣ್ಣ ಒಪ್ಪುತ್ತದೆಂಬುದನ್ನು ಹುಡುಗರು ಅಪ್ಪನಿಂದ ಕಲಿತರು. ಮಣ್ಣೆತ್ತಿನ ಅಮಾವಾಸ್ಯೆಗೆ ಹದವಾದ ಎರಿಮಣ್ಣು ತಂದು ಎತ್ತು ಮಾಡಿದರು. ಕಾಲು ಸಣ್ಣದಾದರೆ ಎತ್ತು ನಿಲ್ಲುವುದಿಲ್ಲ, ಮಣ್ಣು ಬೇಗ ಒಣಗಿದರೆ ಸೀಳುತ್ತದೆ ಎಂಬುದನ್ನು ಯಾವ ಪುಸ್ತಕವೂ ಹೇಳಿಕೊಡಲಿಲ್ಲ. ಆಷಾಢದಲ್ಲಿ ಹುಡುಗಿಯರು ಗುಳ್ಳವ್ವನನ್ನು ಮಾಡಿ ಕೂಡ್ರಿಸಿ ಹಾಡಿದರು. ಅಜ್ಜಿಯಂದಿರು ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿದರು. ರೇಖಾಗಣಿತದ ಹೆಸರನ್ನೇ ಕೇಳದ ಕೈಗಳು ಚೌಕ, ತ್ರಿಕೋನಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಕೂಡಿಸಿದವು. ಡೊಳ್ಳಿನ ಪದ, ಭಜನೆ, ಗೀಗೀ ಪದ, ಮೊಹರಮ್ಮಿನ ಹೆಜ್ಜೆ ಕುಣಿತ, ರಿವಾಯತ ಪದ, ಶ್ರೀಕೃಷ್ಣ ಪಾರಿಜಾತ — ಇವೆಲ್ಲ ಊರಿನ ಸಂಜೆಯ ಸಾಲಿಗಳು.

ಅದರ ಖರ್ಚನ್ನು ಊರೇ ಹೊರುತ್ತಿತ್ತು. ಆಟವಾಡಿಸುವಾಗ ಪಟ್ಟಿ ಎತ್ತುತ್ತಿದ್ದರು. ಒಬ್ಬರು ಜೋಳ, ಒಬ್ಬರು ಎಣ್ಣೆ, ಒಬ್ಬರು ಬಟ್ಟೆ. ಇದೇ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಯ ಹಾಡುಗಳನ್ನು ಬರೆದುಕೊಂಡು ‘ಗರತಿಯ ಹಾಡು’ ಸಂಕಲನವನ್ನು 1931ರಲ್ಲಿ ಹೊರತಂದಾಗ ಅವರ ಬೆನ್ನಿಗೆ ಸಂಸ್ಕೃತಿ ಇಲಾಖೆಯೂ ಇರಲಿಲ್ಲ, ಅಕಾಡೆಮಿಯೂ ಇರಲಿಲ್ಲ. ಇದ್ದದ್ದು ಗೆಳೆತನ ಮತ್ತು ಹಟ.

ರಾಜರ ದುಡ್ಡಿನ ಕಥೆ ಬೇರೆ. ಕನಮಡಿಗೆ ಹೋಗುವ ಹಾದಿಯಲ್ಲೇ ತೊರವಿಯ ಹತ್ತಿರ ಸಂಗೀತ ಮಹಲಿನ ಅವಶೇಷವಿದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ (ಆಳ್ವಿಕೆ 1580–1627) 1599ರಲ್ಲಿ ಕಟ್ಟಿಸಲು ತೊಡಗಿದ ನವರಸಪುರ ಅದು. ತಾನೇ ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಪುಸ್ತಕ ಬರೆದ ಸುಲ್ತಾನ, ಗಾಯಕರಿಗೂ ವಾದಕರಿಗೂ ಒಂದು ಊರನ್ನೇ ಕಟ್ಟಿಸಹೊರಟಿದ್ದ. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಆ ಊರು ಸಿಕ್ಕಿತು, ಮತ್ತೆ ತಲೆಯೆತ್ತಲಿಲ್ಲ. ಒಬ್ಬ ದೊರೆಯ ಪ್ರೀತಿಯ ಮೇಲೆ ನಿಂತ ಕಲೆಗೆ ಆ ದೊರೆಯಷ್ಟೇ ಆಯುಷ್ಯ. ಅಷ್ಟೇ ಅಲ್ಲ, ಆ ಮಹಲಿನ ಸುಣ್ಣ-ಕಲ್ಲಿಗೆ ಬಿದ್ದ ಹಣವೂ ರೈತರ ಕಂದಾಯದ್ದೇ. ಹಾಡು ಮಾತ್ರ ರೈತರ ಮಕ್ಕಳ ಕಿವಿಗೆ ಎಷ್ಟು ಬಿತ್ತೋ!

ದೊರೆಗಳು ಹೋದರು. ಊರಗೌಡರ ಕಣಜಗಳೂ ಮೊದಲಿನಂತೆ ತುಂಬಿಲ್ಲ. ಪಟ್ಟಿ ಎತ್ತುವ ಪದ್ಧತಿ ಇನ್ನೂ ಇದೆ. ಆದರೆ ಅದು ಜಾತ್ರೆಗೆ, ಗುಡಿಯ ಕಳಸಕ್ಕೆ, ಡಿ.ಜೆ. ಸೌಂಡಿಗೆ ಸಲ್ಲುವಷ್ಟು ಸುಲಭವಾಗಿ ಮಕ್ಕಳ ಬಣ್ಣದ ಡಬ್ಬಿಗೆ ಸಲ್ಲುವುದಿಲ್ಲ. ದುಡಿಯಲು ಕಬ್ಬಿನ ಸೀಮೆಗೆ, ಗೋವೆಗೆ ಗುಳೆ ಹೋಗುವ ಮನೆಗಳಲ್ಲಿ ಮಣ್ಣೆತ್ತು ಮಾಡಿಸಲು ಅಜ್ಜನೇ ಉಳಿದಿರುತ್ತಾನೆ, ಇಲ್ಲವೇ ಅವನೂ ಇರುವುದಿಲ್ಲ. ಊರಿನ ಸಾಲಿ ಹೀಗೆ ಒಂದೊಂದೇ ಕೋಣೆ ಮುಚ್ಚುತ್ತ ಬಂದಿತು. ಅದರ ಜಾಗದಲ್ಲಿ ಏನಾದರೂ ತೆರೆಯಬೇಕಾದರೆ ಇನ್ನು ಉಳಿದ ದೊರೆ ಒಬ್ಬನೇ: ಎಲ್ಲರ ತೆರಿಗೆ ಕೂಡಿದ ಖಜಾನೆ.

ಎರಡು ಗುಡ್ಡ, ಒಬ್ಬ ಸೂರ್ಯ

ಈ ಸೀಮೆಯಲ್ಲಿ ಚಿತ್ರಕಲೆಯ ಮಾಸ್ತರರೊಬ್ಬರಿದ್ದಾರೆ. ನಿವೃತ್ತರಾಗಿ ಕೆಲವು ವರ್ಷಗಳಾದವು. ಹೆಸರು ಬೇಡ, ಅವರಿಗೂ ಅದು ಇಷ್ಟವಾಗಲಿಕ್ಕಿಲ್ಲ. ಒಂದು ಬೇಸಿಗೆಯಲ್ಲಿ ಅವರು ಶಾಲೆಯ ಪಡಸಾಲೆಯಲ್ಲಿ ಹತ್ತು ದಿನಗಳ ಶಿಬಿರ ಹೂಡಿದರು. ಬೆಳಿಗ್ಗೆ ಏಳರಿಂದ ಹತ್ತೂವರೆ, ಬಿಸಿಲೇರುವ ಮೊದಲು. ಮಕ್ಕಳು ಸುಮಾರು ನಲವತ್ತು. ಗಡಿಯಾಚೆಯ ನಾಲ್ಕಾರು ಮರಾಠಿ ಶಾಲೆಯ ಮಕ್ಕಳೂ ರಜೆಗೆ ಅಜ್ಜಿಯ ಮನೆಗೆ ಬಂದವರು ಸೇರಿಕೊಂಡಿದ್ದರು.

ಮೊದಲ ದಿನ ಮಾಸ್ತರರು ಏನೂ ಕಲಿಸಲಿಲ್ಲ. ಹಾಳಿ ಹಂಚಿ, “ನಿಮಗೆ ಬೇಕಾದ ಚಿತ್ರ ತಗೀರಿ” ಎಂದರು. ಅರ್ಧ ತಾಸಿನಲ್ಲಿ ನಲವತ್ತು ಹಾಳಿಗಳು ತಿರುಗಿ ಬಂದವು. ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ಒಂದೇ ಚಿತ್ರ! ಎರಡು ತ್ರಿಕೋನದ ಗುಡ್ಡಗಳು, ನಡುವೆ ಕಿರಣ ಚಾಚಿದ ಅರ್ಧ ಸೂರ್ಯ, ಅಲ್ಲಿಂದ ಇಳಿದುಬರುವ ನದಿ, ದಂಡೆಯಲ್ಲಿ ಬಾಗಿದ ತೆಂಗಿನ ಮರ, ಒಂದು ಗುಡಿಸಲು, ನಾಲ್ಕು ಹಕ್ಕಿ. ಕನಮಡಿಯ ಸೀಮೆಯಲ್ಲಿ ಸೂರ್ಯ ಎರಡು ಗುಡ್ಡಗಳ ನಡುವೆ ಹುಟ್ಟುವುದಿಲ್ಲ. ಬಯಲಿನ ಅಂಚಿನಲ್ಲಿ, ತೊಗರಿ ಕಟ್ಟಿಗೆಯ ಆಚೆ ಹುಟ್ಟುತ್ತಾನೆ. ತೆಂಗಿನ ಮರದ ಕೆಳಗೆ ಹರಿಯುವ ನದಿಯನ್ನು ಆ ಮಕ್ಕಳಲ್ಲಿ ಹಲವರು ಕಂಡೇ ಇಲ್ಲ. ಎಲ್ಲೋ ಒಂದು ಪುಸ್ತಕದಿಂದ ಹೊರಟ ಆ ಚಿತ್ರ ಇಡೀ ದೇಶದ ಮಕ್ಕಳ ಬೆರಳಲ್ಲಿ ಕೂತುಬಿಟ್ಟಿದೆ.

ಎರಡನೆಯ ದಿನ ಮಾಸ್ತರರು ಮಕ್ಕಳನ್ನು ಹೊರಗೆ ಕರೆದೊಯ್ದರು. ಬೇವಿನ ಎಲೆಯ ಅಂಚನ್ನು ಮುಟ್ಟಿ ನೋಡಿಸಿದರು. ಬನ್ನಿ ಗಿಡದ ಟೊಂಗೆ ಹೇಗೆ ಒಡೆಯುತ್ತದೆ, ಕಣಕಿ ಬಣವಿ ಮೇಲೆ ಹೋದಂತೆ ಏಕೆ ಸಣ್ಣದಾಗುತ್ತದೆ, ಮಧ್ಯಾಹ್ನ ನೆರಳು ಎಲ್ಲಿ ಅಡಗುತ್ತದೆ — ಬರೆಯುವ ಮೊದಲು ನೋಡುವ ಅಭ್ಯಾಸ. ನಾಲ್ಕನೆಯ ದಿನ ಬಣ್ಣ ಮಾಡುವ ಪಾಠ. ಅರಿಷಿಣದ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ಅದು ಕೆಂಪಾಯಿತು. ನಿಂಬೆಹಣ್ಣು ಹಿಂಡಿದೊಡನೆ ಮತ್ತೆ ಹಳದಿಗೆ ತಿರುಗಿತು. ಆರತಿಯ ತಟ್ಟೆಯಲ್ಲಿ ದಿನವೂ ನೋಡಿದ್ದ ಆ ಕೆಂಪು ಪ್ರತ್ಯಾಮ್ಲ ಕಂಡಾಗ ಅರಿಷಿಣ ತೋರುವ ಬಣ್ಣವೆಂದು ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ತಾನೇ ಹೇಳಿದಳು. ವಿಜ್ಞಾನದ ಪುಸ್ತಕದಲ್ಲಿ ಆಮ್ಲ, ಪ್ರತ್ಯಾಮ್ಲ, ಸೂಚಕ ಎಂಬ ಮೂರು ಶಬ್ದಗಳನ್ನು ಅವಳು ಬಾಯಿಪಾಠ ಮಾಡಿದ್ದಳು. ಅವು ಒಂದಕ್ಕೊಂದು ಕೂಡಿದ್ದು ಆ ದಿನ.

ಹತ್ತನೆಯ ದಿನದ ಹಾಳಿಗಳಲ್ಲಿ ಎರಡು ಗುಡ್ಡಗಳಿರಲಿಲ್ಲ. ಒಬ್ಬ ನೀರಿನ ಟ್ಯಾಂಕರಿನ ಹಿಂದೆ ಸಾಲುಗಟ್ಟಿದ ಕೊಡಗಳನ್ನು ಬರೆದಿದ್ದ. ಇನ್ನೊಬ್ಬಳು ಒಣದ್ರಾಕ್ಷಿ ಶೆಡ್ಡಿನ ಬಲೆಗಳನ್ನು ಒಂದರ ಮೇಲೊಂದು ಬರೆದು, ಮೇಲಿನ ಬಲೆಯ ಕಾಯಿ ಹಸಿರು, ಕೆಳಗಿನದು ಕಂದು ಮಾಡಿದ್ದಳು. ಏಕೆಂದು ಕೇಳಿದರೆ, “ಒಂದ ದಿನಾ ಹಾಕಿದ್ದಲ್ರಿ ಸರ, ಕೆಳಗಿನೂ ಮೊದಲ ಹಾಕ್ಯಾರ” ಎಂದಳು. ಮರಾಠಿ ಸಾಲಿಯ ಹುಡುಗ ಅಜ್ಜಿಯ ಕೌದಿಯನ್ನು ತುಂಡು ತುಂಡಾಗಿ ಬರೆದಿದ್ದ. ಅದಕ್ಕೆ ಕನ್ನಡವೂ ಬೇಕಾಗಲಿಲ್ಲ, ಮರಾಠಿಯೂ ಬೇಕಾಗಲಿಲ್ಲ. ತಮ್ಮ ಊರು ಬರೆಯಲು ಯೋಗ್ಯವಾದದ್ದು ಎಂದು ಆ ಮಕ್ಕಳಿಗೆ ತಿಳಿಯಲು ಹತ್ತು ದಿನ ಹಿಡಿಯಿತು. ಒಂದು ದಿನದ ಸ್ಪರ್ಧೆಯಲ್ಲಿ ಇದು ಆಗುವ ಕೆಲಸವಲ್ಲ. ಪ್ರತಿಭಾ ಕಾರಂಜಿಯಂಥ ಕಾರ್ಯಕ್ರಮಗಳು ಇದ್ದ ಪ್ರತಿಭೆಯನ್ನು ಹುಡುಕುತ್ತವೆ, ಅದು ಬೇಕು ಕೂಡ. ಆದರೆ ನಲವತ್ತರಲ್ಲಿ ಮೂವರಿಗೆ ಬಹುಮಾನ ಸಿಕ್ಕರೆ ಉಳಿದ ಮೂವತ್ತೇಳು ಮಕ್ಕಳಿಗೆ ಕಲಿಸುವವರು ಯಾರು?

ಎಂಬತ್ತು ರೂಪಾಯಿಯ ಲೆಕ್ಕ

ಇಂಥ ಶಿಬಿರಕ್ಕೆ ಖರ್ಚೆಷ್ಟು? ಅಂದಾಜು ಮಾಡಿ ನೋಡಬಹುದು. ಮಗುವಿಗೆ ನೂರು ರೂಪಾಯಿಯ ಹಾಳಿ, ಬಣ್ಣ, ಕುಂಚವೆಂದರೆ ನಲವತ್ತು ಮಕ್ಕಳಿಗೆ 4,000. ದಿನಕ್ಕೆ ಹದಿನೈದು ರೂಪಾಯಿಯ ಉಪಾಹಾರವೆಂದರೆ ಹತ್ತು ದಿನಕ್ಕೆ 6,000. ಒಬ್ಬ ಚಿತ್ರಕಲಾವಿದ, ಒಬ್ಬ ಜನಪದ ಹಾಡುಗಾರ. ಇಬ್ಬರಿಗೂ ದಿನಕ್ಕೆ ಸಾವಿರದಂತೆ ಗೌರವಧನ 20,000. ಜಮಖಾನೆ, ಮಣ್ಣು, ಕೊನೆಯ ದಿನದ ಪ್ರದರ್ಶನಕ್ಕೆ ದಾರ-ಗುಂಡುಪಿನ್ನು ಎಲ್ಲ ಸೇರಿ 2,000. ಒಟ್ಟು 32,000 ರೂಪಾಯಿ. ಮಗುವೊಂದಕ್ಕೆ 800, ದಿನಕ್ಕೆ 80. ಒಂದು ಉತ್ಸವದ ವೇದಿಕೆ, ಬೆಳಕು, ಧ್ವನಿವರ್ಧಕ, ಹಾರ-ತುರಾಯಿ, ಶಾಲು, ಸ್ಮರಣಿಕೆಗಳ ಬಿಲ್ಲನ್ನು ಕಂಡವರಿಗೆ ಈ ಮೊತ್ತ ಯಾವ ಮೂಲೆಗೂ ಸಾಲದೆಂದು ತಿಳಿದೀತು.

ಉತ್ಸವ ಬೇಡವೆಂದು ಇದರ ಅರ್ಥವಲ್ಲ. ಸುಲ್ತಾನನ ಹೆಸರಿನ ನೆನಪಿಗೆ ಸರಕಾರ ವಿಜಯಪುರದಲ್ಲಿ ನವರಸಪುರ ಉತ್ಸವ ಮಾಡಿದಾಗ ಜನ ಸಂತೋಷದಿಂದಲೇ ನೆರೆದಿದ್ದಾರೆ. ಆದರೆ ಬರಗಾಲದ ಕಾರಣ ಹೇಳಿ ಅದನ್ನು ಕೈಬಿಟ್ಟ ವರ್ಷಗಳೂ ಉಂಟು. ದೊಡ್ಡ ಖರ್ಚಿನ ಸ್ವಭಾವವೇ ಅಂಥದ್ದು. ಬರ ಬಂದರೆ ಮೊದಲು ಕತ್ತರಿ ಬೀಳುವುದು ಅದಕ್ಕೆ. ದಿನಕ್ಕೆ ಎಂಬತ್ತು ರೂಪಾಯಿಯ ಖರ್ಚಿಗೆ ಕತ್ತರಿ ಹಾಕಲು ಯಾರಿಗೂ ಮನಸ್ಸು ಬರಲಿಕ್ಕಿಲ್ಲ. ಮೇಲಾಗಿ ಅದರಲ್ಲಿ ಹೆಚ್ಚಿನ ಪಾಲು ಸೇರುವುದು ಅದೇ ಸೀಮೆಯ ಇಬ್ಬರು ಕಲಾವಿದರ ಮನೆಗೆ.

ಇದು ಹೊಸ ವಿಚಾರವೂ ಅಲ್ಲ. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದಿಂದ ಜನ ಕೆಲಸ ಕಳೆದುಕೊಂಡು ಕೂತಿದ್ದ ಕಾಲದಲ್ಲಿ, 1935ರಿಂದ 1943ರವರೆಗೆ ಅಲ್ಲಿಯ ಸರಕಾರ ‘ಫೆಡರಲ್ ಆರ್ಟ್ ಪ್ರಾಜೆಕ್ಟ್’ ಎಂಬ ಯೋಜನೆ ನಡೆಸಿತು. ಸಾವಿರಾರು ಕಲಾವಿದರಿಗೆ ಕೂಲಿ ಸಿಕ್ಕಿತು; ನೂರಕ್ಕೂ ಹೆಚ್ಚು ಊರುಗಳಲ್ಲಿ ಸಮುದಾಯ ಕಲಾ ಕೇಂದ್ರಗಳು ತೆರೆದವು; ಮಕ್ಕಳೂ ದೊಡ್ಡವರೂ ಪುಕ್ಕಟೆಯಾಗಿ ಕಲಿತರು. ವೆನೆಜುವೆಲಾ ದೇಶದಲ್ಲಿ ಹೊಸೆ ಅಂತೋನಿಯೊ ಅಬ್ರೆಯು ಎಂಬವರು 1975ರಲ್ಲಿ ಆರಂಭಿಸಿದ ಸಂಗೀತ ಶಾಲೆಗಳ ಜಾಲ ಸರಕಾರದ ಹಣದಿಂದಲೇ ಬಡ ಮಕ್ಕಳ ಕೈಗೆ ಪಿಟೀಲು ಕೊಟ್ಟಿತು. ಕರ್ನಾಟಕದಲ್ಲಿ ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ನಡೆಸುತ್ತ ಬಂದಿರುವ ‘ಚಿಣ್ಣರ ಮೇಳ’ಕ್ಕೆ ಮಕ್ಕಳನ್ನು ಸೇರಿಸಲು ಪಾಲಕರು ಸಾಲುಗಟ್ಟುತ್ತಾರೆ. ಆ ರಂಗಾಯಣ ನಡೆಯುವುದೂ ಸರಕಾರದ ಹಣದಿಂದಲೇ. ಮೈಸೂರಿನ ಮಗುವಿಗೆ ಸಿಕ್ಕದ್ದು ಕನಮಡಿಯ ಮಗುವಿಗೂ ಸಿಗಲಿ ಎಂಬುದಷ್ಟೇ ಇಲ್ಲಿಯ ಮಾತು.

ಮೊದಲು ನೀರು ಕೊಡಿ

ಇದಕ್ಕೆ ಎದುರು ಮಾತು ಇದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಾಸ್ತರರು ಶಿಬಿರದ ಮಾತೆತ್ತಿದಾಗ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು, “ಚಿತ್ರಾ ತಗದ್ರ ಹೊಟ್ಟಿ ತುಂಬತದೇನ್ರಿ ಸರ? ಮದಲ ಕುಡ್ಯಾಕ ನೀರ ಕೊಡಸ್ರಿ” ಎಂದಿದ್ದರು. ಮಾಸ್ತರರು ನಕ್ಕು, “ಹೊಲದ ನಕಾಶಿ ತಗ್ಯಾವನೂ ಮದಲ ಗೆರಿ ಎಳ್ಯಾಕ ಕಲ್ತಿರ್ತಾನಲ್ರಿ ಯಜಮಾನ್ರ” ಎಂದಿದ್ದರಂತೆ. ಹಿರಿಯರ ಮಾತು ಸುಳ್ಳಲ್ಲ. ನೀರು, ಆಸ್ಪತ್ರೆ, ಶಾಲೆಯ ಮಾಡು ಇವು ಮೊದಲು ಆಗಬೇಕು. ಆದರೆ ಶಿಬಿರದ ಮೂವತ್ತೆರಡು ಸಾವಿರ ಉಳಿಸಿದರೆ ಅದು ನೀರಾಗಿ ನಲ್ಲಿಯಲ್ಲಿ ಬರುತ್ತದೆಯೆ? ನೀರಿನ ಯೋಜನೆಯ ಲೆಕ್ಕ ಕೋಟಿಗಳಲ್ಲಿದೆ; ಅದರ ಬಾಬೂ ಬೇರೆ. ಮಗು ಮಾತ್ರ ನೀರು ಬರುವವರೆಗೆ ಬೆಳೆಯುವುದನ್ನು ನಿಲ್ಲಿಸಿ ಕಾಯುವುದಿಲ್ಲ. ಈ ಬೇಸಿಗೆಯಲ್ಲಿ ಹತ್ತು ವರ್ಷವಾಗಿದ್ದದ್ದು ಮುಂದಿನ ಬೇಸಿಗೆಗೆ ಹನ್ನೊಂದಾಗಿರುತ್ತದೆ.

ಪಾಲಕರ ಚಿಂತೆ ಇನ್ನೊಂದು: ಅಂಕ. ಚಿತ್ರ ಬರೆದ ಮಗು ಗಣಿತದಲ್ಲಿ ಹಿಂದೆ ಬಿದ್ದೀತು ಎಂಬ ಅಂಜಿಕೆ. ಸ್ಪೇನ್ ದೇಶದಲ್ಲಿ ಸಾಂತಿಯಾಗೊ ರಾಮೊನ್ ಇ ಕಹಾಲ್ ಎಂಬ ಹುಡುಗನಿಗೆ ಚಿತ್ರಕಾರನಾಗುವ ಹುಚ್ಚು. ವೈದ್ಯನಾಗಿದ್ದ ತಂದೆಗೆ ಅದು ಬೇಡ. ಹುಡುಗ ಕೊನೆಗೆ ವೈದ್ಯಶಾಸ್ತ್ರವನ್ನೇ ಓದಿದ. ಆದರೆ ಕುಂಚದ ಕೈ ಬಿಡಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಮೆದುಳಿನ ನರಕೋಶಗಳನ್ನು ನೋಡಿ ಆತ ಬರೆದ ಚಿತ್ರಗಳು ನರವಿಜ್ಞಾನಕ್ಕೇ ಅಡಿಗಲ್ಲಾದವು. 1906ರಲ್ಲಿ ನೊಬೆಲ್ ಬಹುಮಾನವೂ ಬಂದಿತು. ಸರ್ ಸಿ.ವಿ. ರಾಮನ್ ಅವರು ತಬಲಾ, ಮೃದಂಗಗಳ ನಾದ ಏಕೆ ಅಷ್ಟು ಇಂಪು ಎಂದು ಹುಡುಕಿ, ಚರ್ಮದ ನಡುವೆ ಹಚ್ಚುವ ಕರಣೆಯ ಗುಟ್ಟನ್ನು 1920ರಲ್ಲಿ ಜಗತ್ತಿಗೆ ತಿಳಿಸಿದರು. ಬೆಳಕಿನ ಚದುರಿಕೆಯ ಶೋಧಕ್ಕೆ ನೊಬೆಲ್ ಬಂದದ್ದು ಅದಾದ ಹತ್ತು ವರ್ಷಕ್ಕೆ. ಡೊಳ್ಳು ಕೇಳುತ್ತ ಬೆಳೆದ ಕಿವಿಯೂ ಒಂದು ಪ್ರಯೋಗಶಾಲೆಯೇ. ಹಾಗೆಂದು ಚಿತ್ರ ಬರೆದವರೆಲ್ಲ ವಿಜ್ಞಾನಿಗಳಾಗುತ್ತಾರೆ, ಅಂಕ ಹೆಚ್ಚುತ್ತದೆ ಎಂದು ಭರವಸೆ ಕೊಟ್ಟರೆ ಅದು ಮೋಸ. ನೋಡಿದ್ದನ್ನು ನೋಡಿದಂತೆ ದಾಖಲಿಸುವ ಗುಣ ಮಾತ್ರ ಬರುತ್ತದೆ. ಓದಿಗೆ ಅದು ಅಡ್ಡಿಯಾಗುವುದಿಲ್ಲ, ಬೇರಾಗುತ್ತದೆ.

ಅಂಕವೇ ಬೇಕೆನ್ನುವವರಿಗೂ ಒಂದು ಮಾತಿದೆ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆ ಪಾಸಾದ ಮಕ್ಕಳಿಗೆ ಹತ್ತನೆಯ ತರಗತಿಯಲ್ಲಿ ಹೆಚ್ಚಿನ ಅಂಕ ಕೊಡುವ ಪದ್ಧತಿಯುಂಟು. ಕರ್ನಾಟಕದಲ್ಲೂ ಲೋಯರ್, ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗಳಿವೆ. ಆದರೆ ಪ್ರಾಥಮಿಕ ಶಾಲೆಗಳಲ್ಲಿ ಚಿತ್ರಕಲೆಗೇ ಮೀಸಲಾದ ಶಿಕ್ಷಕರು ಅಪರೂಪ. ಕೂಡ್ರಿಸಿ ಕಲಿಸುವವರಿಲ್ಲದೆ ಪರೀಕ್ಷೆಗೆ ಕೂಡುವವರೆಲ್ಲಿ?

ಮಾರ್ಚ್ 31ರ ಕಗ್ಗಂಟು

ಸರಕಾರದಲ್ಲಿ ಇದಕ್ಕೆ ಹಣವೇ ಇಲ್ಲವೆ? ಇದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಕ್ಕಳಿಗಾಗಿಯೇ ‘ಚಿಗುರು’ ಎಂಬ ಕಾರ್ಯಕ್ರಮ ನಡೆಸುತ್ತದೆ; ನೋಂದಾಯಿತ ಸಂಘ-ಸಂಸ್ಥೆಗಳಿಗೆ ಧನಸಹಾಯವನ್ನೂ ಕೊಡುತ್ತದೆ. ಬಾಲಭವನಗಳಿವೆ, ಧಾರವಾಡದಲ್ಲಿ ಕರ್ನಾಟಕ ಬಾಲವಿಕಾಸ ಅಕಾಡೆಮಿ ಇದೆ. ಗಡಿಯ ಊರುಗಳಿಗೆಂದೇ 2010ರ ಕಾಯ್ದೆಯಂತೆ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಬಂದಿದೆ. ದಿಲ್ಲಿಯ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ ಹತ್ತರಿಂದ ಹದಿನಾಲ್ಕು ವರ್ಷದ ಪ್ರತಿಭಾವಂತ ಮಕ್ಕಳಿಗೆ ಸಂಗೀತ, ಚಿತ್ರ, ನಾಟಕ ಕಲಿಯಲು ವಿದ್ಯಾರ್ಥಿವೇತನ ಕೊಡುತ್ತದೆ. ಬಾವಿಯಲ್ಲಿ ನೀರಿದೆ, ಹಗ್ಗವೇ ಗಿಡ್ಡ.

ಹಗ್ಗ ಗಿಡ್ಡವಾಗುವುದು ಹೇಗೆಂಬುದಕ್ಕೆ ಮಾಸ್ತರರ ಅನುಭವವೇ ಸಾಕು. ಒಂದು ಕಚೇರಿಗೆ ಅವರು ಅರ್ಜಿ ಕೊಟ್ಟರು. ಸಂಘ ನೋಂದಣಿಯಾಗಿರಬೇಕು, ಲೆಕ್ಕಪರಿಶೋಧನೆಯಾಗಿರಬೇಕು, ಹಿಂದಿನ ವರ್ಷದ ಕಾರ್ಯಕ್ರಮಗಳ ಫೋಟೊ ಬೇಕು ಎಂದರು. ಅದು ನ್ಯಾಯವೇ, ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕು. ಊರಿನ ಭಜನಾ ಸಂಘದ ಹೆಸರಿನಲ್ಲಿ ಕಾಗದಪತ್ರ ಕೂಡಿಸಿ ಮತ್ತೆ ಕೊಟ್ಟರು. ಉತ್ತರ ಬಂದದ್ದು ಮಾರ್ಚ್ ಮೂರನೆಯ ವಾರ: ಮಂಜೂರಾದ ಹಣವನ್ನು 31ರೊಳಗೆ ಖರ್ಚು ಮಾಡಿ ಬಿಲ್ಲು ಸಲ್ಲಿಸಬೇಕು. ಮಕ್ಕಳಿಗೋ ಆಗ ಪರೀಕ್ಷೆ! ಏಪ್ರಿಲ್‌ನಲ್ಲಿ ಮಕ್ಕಳು ಬಿಡುವಾದಾಗ ಹಳೆಯ ವರ್ಷದ ಹಣ ತಿರುಗಿ ಹೋಗಿತ್ತು; ಹೊಸ ವರ್ಷದ ಹಣ ಇನ್ನೂ ಬಿಡುಗಡೆಯಾಗಿರಲಿಲ್ಲ. ಸರಕಾರದ ವರ್ಷ ಏಪ್ರಿಲ್ ಒಂದಕ್ಕೆ ಹುಟ್ಟುತ್ತದೆ. ಹುಟ್ಟಿದೊಡನೆ ನಡೆಯಲು ಅದಕ್ಕೆ ಬರುವುದಿಲ್ಲ. ಮಕ್ಕಳ ಬಿಡುವಿನ ಕಾಲ ಸರಿಯಾಗಿ ಆ ಸಂದಿಯಲ್ಲಿ ಬೀಳುತ್ತದೆ. ಯಾರೂ ಬೇಕೆಂದು ಮಾಡಿದ್ದಲ್ಲ. ಎರಡು ಕ್ಯಾಲೆಂಡರುಗಳು ಒಂದನ್ನೊಂದು ನೋಡದೆ ಓಡುತ್ತಿವೆ.

ಮಾರ್ಚಿನಲ್ಲಿ ಸುಳ್ಳು ಬಿಲ್ಲು ಹಚ್ಚಿ ಏಪ್ರಿಲ್‌ನಲ್ಲಿ ನಿಜವಾದ ಶಿಬಿರ ಮಾಡಿರೆಂದು ಬುದ್ಧಿ ಹೇಳಿದವರೂ ಇದ್ದರು. ಮಾಸ್ತರರು ಒಪ್ಪಲಿಲ್ಲ. “ಹುಡುಗೂರಿಗೆ ಕಂಡದ್ದ ಕಂಡಾಂಗ ಬರೀರಿ ಅಂತ ಕಲಸಾಂವ, ನಾನ ತಾರೀಕ ಸುಳ್ಳ ಬರದ್ರ ಹ್ಯಾಂಗ?” ಎಂದು ಹಣ ಬಿಟ್ಟರು. ಮೇಲೆ ಹೇಳಿದ ಹತ್ತು ದಿನಗಳ ಶಿಬಿರ ನಡೆದದ್ದು ಅವರ ಪಿಂಚಣಿಯಿಂದ, ಕಿರಾಣಿ ಅಂಗಡಿಯ ಅವಲಕ್ಕಿಯಿಂದ, ಊರಿನ ನಾಲ್ಕು ಜನರ ಪಟ್ಟಿಯಿಂದ. ಮರುವರ್ಷ ಮನೆಯಲ್ಲಿ ಆಸ್ಪತ್ರೆಯ ಖರ್ಚು ಬಂದಿತು, ಶಿಬಿರ ನಡೆಯಲಿಲ್ಲ. ಬೇಸಿಗೆಯ ಮೊದ ಮೊದಲ ದಿನಗಳಲ್ಲಿ ಕೆಲವು ಮಕ್ಕಳು ಪಡಸಾಲೆಗೆ ಬಂದು ಕೀಲಿ ನೋಡಿ ಹೋದರಂತೆ. ಒಬ್ಬರ ಪಿಂಚಣಿಯ ಮೇಲೆ ನಿಂತ ಕಲೆಯೂ ನವರಸಪುರದ ದಾರಿಯನ್ನೇ ಹಿಡಿಯುತ್ತದೆ. ಸಾರ್ವಜನಿಕ ಹಣ ಬೇಕೆನ್ನುವುದು ಈ ಕಾರಣಕ್ಕೆ: ಅದು ಹೆಚ್ಚೆಂದಲ್ಲ, ಅದು ಪ್ರತಿವರ್ಷ ಬರಬಲ್ಲದು ಎಂದು.

ಕೇಳುವುದು ಎಲ್ಲಿ?

ಪರಿಹಾರ ಬೆಂಗಳೂರಿಗಿಂತ ಹತ್ತಿರದಲ್ಲಿದೆ. ಸಂವಿಧಾನದ 73ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಹನ್ನೊಂದನೆಯ ಅನುಸೂಚಿ ಸೇರಿತು. ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳು ಅದರಲ್ಲಿವೆ. 20ನೆಯದು ಗ್ರಂಥಾಲಯ, 21ನೆಯದು ಸಾಂಸ್ಕೃತಿಕ ಚಟುವಟಿಕೆ. ಗಟಾರು, ಬೀದಿದೀಪಗಳಷ್ಟೇ ಪಂಚಾಯತಿಯ ಕೆಲಸವೆಂದು ತಿಳಿದವರು ಈ 21ನೆಯ ಸಾಲನ್ನು ಒಮ್ಮೆ ಓದಬೇಕು. ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಕೆಲವು ವರ್ಷಗಳಿಂದ ಅಲ್ಲಿ ಮಕ್ಕಳ ಬೇಸಿಗೆ ಶಿಬಿರಗಳೂ ನಡೆದಿವೆ. ಜಾಗವಿದೆ, ನೆರಳಿದೆ, ಮೇಲ್ವಿಚಾರಕರಿದ್ದಾರೆ. ಇನ್ನು ಬೇಕಾದದ್ದು ಬಣ್ಣ, ಹಾಳಿ ಮತ್ತು ಊರಿನ ಕಲಾವಿದನಿಗೆ ಕೂಲಿ.

ಕ್ಯಾಲೆಂಡರಿನ ಗಂಟನ್ನು ಬಿಚ್ಚುವ ದಾರಿಯೂ ಅಲ್ಲಿಯೇ ಇದೆ. ಚಳಿಗಾಲದಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಮಕ್ಕಳೇ ಎದ್ದು ನಿಂತು ತಮಗೆ ಬೇಕಾದದ್ದನ್ನು ಕೇಳುವ ಸಭೆ ಅದು. ಶೌಚಾಲಯ, ಕಂಪೌಂಡು, ಬಸ್ಸು ಎಂದು ಕೇಳುವ ಮಕ್ಕಳು “ಬ್ಯಾಸಗಿಗೆ ಹತ್ತ ದಿನದ ಕಲಾ ಶಿಬಿರ” ಎಂದು ಒಂದು ಸಾಲು ಸೇರಿಸಲಿ. ಅದು ಠರಾವಿನಲ್ಲಿ ದಾಖಲಾಗಲಿ. ಫೆಬ್ರುವರಿ-ಮಾರ್ಚ್‌ನಲ್ಲಿ ಪಂಚಾಯತಿ ಬಜೆಟ್ ಮಾಡುವಾಗ ಆ ಠರಾವನ್ನು ಎಸ್‌ಡಿಎಂಸಿಯ ಪಾಲಕರು ಮುಂದಿಡಲಿ. ಪಂಚಾಯತಿಯ ಸ್ವಂತ ನಿಧಿಯಿಂದ ಹೊಸ ವರ್ಷದ ಬಾಬಿನಲ್ಲಿ ಹಣ ಇಟ್ಟರೆ ಏಪ್ರಿಲ್‌ಗೆ ಅದು ಕೈಗೆಟುಕುತ್ತದೆ. ಇಲಾಖೆ, ಪ್ರಾಧಿಕಾರಗಳ ನೆರವು ತಡವಾಗಿ ಬಂದರೆ ಅದನ್ನು ದಸರೆ ರಜೆಯ ಇನ್ನೊಂದು ಶಿಬಿರಕ್ಕೆ ಬಳಸಬಹುದು.

ಇದನ್ನು ಕೈಯೊಡ್ಡಿ ಬೇಡುವುದೆಂದು ತಿಳಿಯಬೇಕಿಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ 31ನೆಯ ವಿಧಿ ವಿಶ್ರಾಂತಿ, ಆಟ ಮತ್ತು ಕಲೆಯಲ್ಲಿ ಪಾಲ್ಗೊಳ್ಳುವುದು ಮಗುವಿನ ಹಕ್ಕು ಎನ್ನುತ್ತದೆ. ದ್ರಾಕ್ಷಿ ಪಡದಲ್ಲಿ ಅವ್ವನ ಹಿಂದೆ ತಿರುಗುವ ಮಗುವಿಗೂ ಆ ಹಕ್ಕು ಅಷ್ಟೇ ಇದೆ.

ಸರಕಾರದ ಹಣ ಬಂದರೆ ಊರಿನ ಉತ್ಸಾಹ ಸಾಯುತ್ತದೆ, ಎಲ್ಲರೂ ಬಿಲ್ಲಿನ ಬೆನ್ನು ಹತ್ತುತ್ತಾರೆ ಎಂಬ ಭಯವೂ ನಿಜವಾದದ್ದೇ. ಅದಕ್ಕೆ ಮದ್ದೆಂದರೆ ಊರೂ ತನ್ನ ಪಾಲು ಹಾಕುವುದು: ಒಬ್ಬರು ಅವಲಕ್ಕಿ, ಒಬ್ಬರು ಎರಿಮಣ್ಣು, ಒಬ್ಬ ಅಜ್ಜಿ ಒಂದು ಮುಂಜಾನೆ ಕೌದಿ ಹೊಲಿಯುವ ಪಾಠ. ಪಂಚಾಯತಿ ಬಣ್ಣ ಕೊಳ್ಳಲಿ, ಕಲಾವಿದರಿಗೆ ಕೂಲಿ ಕೊಡಲಿ. ಕೊನೆಯ ದಿನ ಮಕ್ಕಳ ನಲವತ್ತು ಚಿತ್ರಗಳನ್ನು ಪಂಚಾಯತಿಯ ಗೋಡೆಗೆ ಕಟ್ಟಿ, ಅವುಗಳ ಸಾಲಿನಲ್ಲೇ ಖರ್ಚಿನ ಲೆಕ್ಕದ ಹಾಳಿಯನ್ನೂ ಕಟ್ಟಲಿ: ಬಣ್ಣಕ್ಕೆ ಎಷ್ಟು, ಉಪಾಹಾರಕ್ಕೆ ಎಷ್ಟು, ಕಲಾವಿದರಿಗೆ ಎಷ್ಟು. ಸಂತೆಗೆ ಹೊರಟ ಪಾಲಕರು ನಿಂತು ಮಗಳ ಚಿತ್ರ ನೋಡುತ್ತಾರೆ. ಪಕ್ಕದ ಲೆಕ್ಕವನ್ನೂ ಓದುತ್ತಾರೆ. ಎರಡರಲ್ಲಿ ಯಾವುದು ಕಂಡಂತೆ ಬರೆದದ್ದು, ಯಾವುದು ಅಲ್ಲ ಎಂಬುದು ಅವರಿಗೆ ಗೊತ್ತಾಗುತ್ತದೆ.